ಉಬ್ಬೋ, ತಗ್ಗೋ: ಕನ್ನಡ ಕಾರ್ಡುಗಳಿಗೆ ಎಂಬಾಸಿಂಗ್ ಆರಿಸುವ ಬಗೆ

ಲಗ್ನಪತ್ರಿಕೆಯಾಗಲಿ, ವಿಸಿಟಿಂಗ್ ಕಾರ್ಡಾಗಲಿ, ನಾನು ಪಾಲಿಸುವುದು ಒಂದೇ ನಿಯಮ: ಚಿತ್ರ ಉಬ್ಬಬೇಕು, ಅಕ್ಷರ ಇಳಿಯಬೇಕು. ಗಣಪತಿ, ಕಳಶ, ಅಂಗಡಿಯ ಲೋಗೋ ಇವಕ್ಕೆ ಎಂಬಾಸಿಂಗ್, ಅಂದರೆ ಹಾಳೆಯನ್ನು ಉಬ್ಬಿಸುವುದು. ಹೆಸರು, ವಿಳಾಸಕ್ಕೆ ಡಿಬಾಸಿಂಗ್, ಅಂದರೆ ತಗ್ಗಿಸುವುದು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಕನ್ನಡಕ್ಕೆ ಬೇಕು.

ಇದಕ್ಕೆ ಕಾರಣ ಕಾಗದದ ದಪ್ಪ. ಉಬ್ಬಿಸುವಾಗ ಹಾಳೆ ಮೇಲಚ್ಚು, ಕೆಳಅಚ್ಚುಗಳ ನಡುವೆ ಸಿಕ್ಕಿ ಪ್ರತಿ ಗೆರೆಯನ್ನೂ ಒಂದು ಬದಿ ಹತ್ತಿ ಇನ್ನೊಂದು ಬದಿ ಇಳಿಯಬೇಕು. ಎರಡು ಗೆರೆ ತೀರಾ ಹತ್ತಿರವಿದ್ದರೆ ನಡುವೆ ಇಳಿಯಲು ಜಾಗವೇ ಇಲ್ಲದೆ ಎರಡೂ ಸೇರಿ ಒಂದೇ ಗುಬುಟಾಗುತ್ತವೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಕೋಟಿಂಗ್ ಇಲ್ಲದ ಹಾಳೆ ಸುಮಾರು 0.4 ಮಿ.ಮೀ. ದಪ್ಪ ಇರುತ್ತದೆ. ಗೆರೆಗಳ ನಡುವಿನ ಸಂದು ಅದರ ಎರಡರಷ್ಟಾದರೂ, ಅಂದರೆ 0.8 ಮಿ.ಮೀ. ಇರಲಿ ಎನ್ನುವುದು ನನ್ನ ಲೆಕ್ಕ. ತಗ್ಗಿಸುವಾಗ ಬ್ಲಾಕು (ಲೋಹದ ಅಚ್ಚು) ಮೆತ್ತನೆಯ ಹಾಳೆಯನ್ನು ನೇರ ಒತ್ತುತ್ತದೆ. ಅರ್ಧದಷ್ಟು ಸಂದಿದ್ದರೂ ಅಕ್ಷರ ಉಳಿಯುತ್ತದೆ.

ಮೊದಲು ಪೆಟ್ಟು ತಿನ್ನುವುದು ಮಹಾಪ್ರಾಣಗಳು. ಧ, ಢ, ಫ, ಭ ಇವುಗಳ ಹೊಟ್ಟೆಯ ಕೆಳಗಿನ ಸೀಳುಗೆರೆ ಉಬ್ಬಿನಲ್ಲಿ ಕರಗಿಹೋಗಿ ‘ರಾಧಾ’ ‘ರಾದಾ’ ಆಗುತ್ತಾಳೆ. ಮದುವೆ ಮನೆಯವರು ಇದನ್ನು ಕ್ಷಮಿಸುವುದಿಲ್ಲ. ಥ ಒಳಗಿನ ಚುಕ್ಕೆ, ‘ಲಕ್ಷ್ಮೀ’ಯ ಒತ್ತುಗಳು, ‘ಕೃ’ದ ಸುಳಿ ಇವೂ ಅಷ್ಟೇ ನಾಜೂಕು. ಹೆಸರನ್ನು ಉಬ್ಬಿಸಲೇಬೇಕೆಂದು ಗಿರಾಕಿ ಹಟ ಹಿಡಿದರೆ 24 ಪಾಯಿಂಟಿಗಿಂತ ಕೆಳಗೆ ಇಳಿಯುವುದಿಲ್ಲ, ಅಕ್ಷರಗಳ ನಡುವೆ ಜಾಗವನ್ನೂ ಹೆಚ್ಚಿಸುತ್ತೇನೆ. ತಗ್ಗಿಗೆ 12 ಪಾಯಿಂಟ್ ಸಾಕು; ಗೆರೆ ಮಾತ್ರ 0.3 ಮಿ.ಮೀ.ಗಿಂತ ಸಣ್ಣದಾಗಬಾರದು.

ಫೈಲ್ ತಯಾರಿಯಲ್ಲೂ ಕನ್ನಡಕ್ಕೆ ಒಂದು ಹೆಚ್ಚಿನ ಹೆಜ್ಜೆಯಿದೆ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಬಿಡಿಬಿಡಿ ತುಂಡುಗಳು. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್ (ಬರೀ ಗೆರೆಯ ಆಕಾರ) ಮಾಡಿದ ಮೇಲೆ ಆ ತುಂಡುಗಳನ್ನು ಕಂಬೈನ್ ಮಾಡಿದರೆ ಒಂದರ ಮೇಲೊಂದು ಬಿದ್ದ ಕಡೆಯೆಲ್ಲ ತೂತು ಬೀಳುತ್ತದೆ. ಪರದೆಯ ಮೇಲೆ ಕಣ್ಣಿಗೆ ಬೀಳದ ಈ ತೂತು ಲೋಹದಲ್ಲಿ ಚೆನ್ನಾಗಿ ಕಾಣುತ್ತದೆ. ಕಂಬೈನ್ ಬೇಡ, ತುಂಡುಗಳನ್ನು ಬೆಸೆದು ಒಂದೇ ಆಕಾರ ಮಾಡುವ ವೆಲ್ಡ್ ಬಳಸಿ. ಎಂಬಾಸಿಂಗ್ ಭಾಗವನ್ನು ಬೇರೆ ಲೇಯರಿನಲ್ಲಿ ಶೇ. 100 ಕಪ್ಪಿನಲ್ಲಿ ಇಟ್ಟು, ಎಡಬಲ ತಿರುಗಿಸದೆ ನೇರವಾಗಿಯೇ ಕೊಡಿ. ಉಲ್ಟಾ ಮಾಡುವುದು ಬ್ಲಾಕಿನವರ ಕೆಲಸ. ನೀವೂ ಉಲ್ಟಾ ಮಾಡಿ, ಅವರೂ ಉಲ್ಟಾ ಮಾಡಿದರೆ ಬ್ಲಾಕು ದಂಡ.

ಬ್ಲಾಕಿನ ಲೋಹ ಕೆಲಸದ ಮೇಲೆ ನಿಂತಿದೆ. ಒಂದೇ ಮಟ್ಟದ ಉಬ್ಬಿಗೆ, ಕೆಲವು ಸಾವಿರ ಪ್ರತಿಗೆ ಮೆಗ್ನೀಸಿಯಂ ಧಾರಾಳ. ಗಣಪತಿಯ ಸೊಂಡಿಲು ಒಂದು ಎತ್ತರ, ಹೊಟ್ಟೆ ಇನ್ನೊಂದು ಎತ್ತರ ಬೇಕೆಂದರೆ ಹಿತ್ತಾಳೆಯಲ್ಲಿ ಕೆತ್ತಿಸಬೇಕು. ದರ ಹಲವು ಪಟ್ಟು ಏರುತ್ತದೆ. ಅಂಚು ನೆಟ್ಟಗಿದ್ದರೆ ಬ್ಲಾಕು ಕತ್ತಿಯಂತೆ ಹಾಳೆಯನ್ನು ಕೊಯ್ಯುತ್ತದೆ, ಹಾಗಾಗಿ ಇಳಿಜಾರು ಅಂಚು ಕೇಳಿ ಮಾಡಿಸಿಕೊಳ್ಳಿ. ಎತ್ತರ 0.3ರಿಂದ 0.5 ಮಿ.ಮೀ. ಸಾಕು.

ಹಾಳೆಯಲ್ಲಿ ನನ್ನ ಮೊದಲ ಆಯ್ಕೆ ಉದ್ದ ನಾರಿನ ಕಾಟನ್ ಪೇಪರ್. ರೀಸೈಕಲ್ ಹಾಳೆಯ ನಾರು ಗಿಡ್ಡ, ಉಬ್ಬಿನ ಅಂಚಿನಲ್ಲೇ ಬಿರುಕು ಬಿಡುತ್ತದೆ. ಆರ್ಟ್ ಕಾರ್ಡಿನ (ಕೋಟಿಂಗ್ ಇರುವ ನುಣುಪು ಹಾಳೆ) ಮೇಲ್ಪದರವೂ ಒಡೆಯುತ್ತದೆ, ಆದರೆ ಮ್ಯಾಟ್ ಲ್ಯಾಮಿನೇಷನ್ ಹಾಕಿ ಆಮೇಲೆ ಒತ್ತಿದರೆ ಫಿಲಂ ಅದನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಒಣಗಿದ ಹಾಳೆ ಬೇಗ ಸೀಳುತ್ತದೆ. ಒಂದು ದಿನ ಮುಂಚೆಯೇ ತಂದು ಪ್ರೆಸ್ಸಿನ ಗಾಳಿಗೆ ಹೊಂದಿಸಿಕೊಳ್ಳಬೇಕು. ಕ್ರಮವೂ ಮುಖ್ಯ: ಪ್ರಿಂಟಿಂಗ್, ಇಂಕು ಪೂರ್ತಿ ಒಣಗಲು ಒಂದು ದಿನ, ಲ್ಯಾಮಿನೇಷನ್, ಫಾಯಿಲ್ (ಚಿನ್ನ, ಬೆಳ್ಳಿ ಬಣ್ಣದ ಹೊಳಪಿನ ಪದರ), ಎಂಬಾಸಿಂಗ್, ಕಡೆಗೆ ಕಟಿಂಗ್. ಡಿಜಿಟಲ್ ಪ್ರಿಂಟಿನ ಮೇಲೆ ಬಿಸಿ ಬ್ಲಾಕು ಇಟ್ಟರೆ ಟೋನರ್ ಕರಗಿ ಅಂಟಿಕೊಳ್ಳುತ್ತದೆ, ಅದಕ್ಕೆ ತಣ್ಣನೆಯ ಒತ್ತೇ ಸರಿ.

ಹಿಂಬದಿಯನ್ನು ಮರೆಯುವವರೇ ಹೆಚ್ಚು. ಮುಂದೆ ಉಬ್ಬಿದ್ದು ಹಿಂದೆ ಗುಂಡಿಯಾಗುತ್ತದೆ. ಎರಡೂ ಕಡೆ ಅಚ್ಚಿರುವ ವಿಸಿಟಿಂಗ್ ಕಾರ್ಡಿಗೆ 600 ಜಿಎಸ್‌ಎಂ ಹಾಳೆಯಲ್ಲಿ ತಗ್ಗು ಒತ್ತುತ್ತೇನೆ, ಹಿಂದೆ ಗುರುತು ಅಷ್ಟಾಗಿ ಏಳುವುದಿಲ್ಲ. ಲಗ್ನಪತ್ರಿಕೆಯಾದರೆ ಉಬ್ಬನ್ನು ಮುಂಪುಟದಲ್ಲಿಟ್ಟು, ಅದರ ಬೆನ್ನಿಗೆ ಬರುವ ಜಾಗವನ್ನು ಖಾಲಿ ಬಿಡಿ. ಮಡಿಕೆಯ ಗೆರೆಯಿಂದ 8 ಮಿ.ಮೀ. ದೂರವಿರಲಿ. ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಹೇಗೂ ಇದ್ದದ್ದೇ, ಅಲ್ಲಿ ತಗ್ಗಿನ ಬಳ್ಳಿ ಹಾಕಿದರೆ ಪುಡಿ ಗೆರೆಯೊಳಗೆ ಕೂತು ಕೊಳೆಯಂತೆ ಕಾಣುತ್ತದೆ.

ಮೊದಲ ಪ್ರತಿಯನ್ನು ಕೆಲಸಕ್ಕೆ ಬಳಸುವ ಹಾಳೆಯಲ್ಲೇ ಒತ್ತಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಮೇಲಿನಿಂದ ಬೆಳಕು ಬಿದ್ದರೆ ಬಿರುಕು ಕಾಣುವುದಿಲ್ಲ. ಕಟಿಂಗಿಗೆ ಹಾಕುವಾಗ ಮೆಷಿನ್ನಿನ ಕ್ಲ್ಯಾಂಪು ಉಬ್ಬಿನ ಮೇಲೆ ಬಿದ್ದರೆ ಅಷ್ಟೂ ಚಪ್ಪಟೆ. ಕಡಿಮೆ ಹಾಳೆ ಇಟ್ಟು, ಒತ್ತಡ ಇಳಿಸಿ ಕತ್ತರಿಸಬೇಕು. ಡೆಲಿವರಿಗೆ 50ರ ಕಟ್ಟು ಮಾಡಿ ಡಬ್ಬಿಯಲ್ಲಿ ಕಾರ್ಡುಗಳನ್ನು ಅಡ್ಡ ಮಲಗಿಸದೆ ನಿಲ್ಲಿಸಿ, ರಬ್ಬರ್ ಬ್ಯಾಂಡ್ ಬೇಡ.