ವ್ಯಾಕ್ಯೂಮ್ ಮಾಡಲು ಸೂಪರ್‌ಯೂಸರ್ ಪಾಸ್‌ವರ್ಡ್ ಕೊಡಬೇಡಿ

ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ 17 ಅಥವಾ ಅದರ ನಂತರದ ಆವೃತ್ತಿ ಆಗಿದ್ದರೆ, ರಾತ್ರಿ ನಿರ್ವಹಣೆ ಕೆಲಸಕ್ಕೆ ಎಲ್ಲ ಅಧಿಕಾರ ಇರುವ ಸೂಪರ್‌ಯೂಸರ್ ಬದಲು ಬೇರೆಯೇ ಒಂದು ಯೂಸರ್ ಮಾಡಿ ಅದಕ್ಕೆ ‘ಮೇಂಟೇನ್’ ಅನುಮತಿ ಮಾತ್ರ ಗ್ರಾಂಟ್ ಮಾಡಿ. ವ್ಯಾಕ್ಯೂಮ್ (ಹಳೆಯ, ಅಳಿಸಿದ ಸಾಲುಗಳ ಜಾಗ ತೆರವು ಮಾಡುವುದು), ಅನಲೈಸ್ (ಟೇಬಲ್‌ನ ಅಂಕಿಅಂಶ ಸಂಗ್ರಹ), ರೀಇಂಡೆಕ್ಸ್ (ಇಂಡೆಕ್ಸ್ ಮತ್ತೆ ಕಟ್ಟುವುದು), ಮೆಟೀರಿಯಲೈಸ್ಡ್ ವ್ಯೂ (ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟ ಫಲಿತಾಂಶ) ರಿಫ್ರೆಶ್ ಎಲ್ಲ ಇದರಲ್ಲೇ ಆಗುತ್ತದೆ. ಟೇಬಲ್‌ನ ಮಾಲೀಕತ್ವ ಬೇಡ. ಸೆಲೆಕ್ಟ್ (ಓದುವ), ಅಪ್‌ಡೇಟ್ (ತಿದ್ದುವ) ಅನುಮತಿ ಇದರ ಜೊತೆ ಬರುವುದಿಲ್ಲ. ಹಾಗಾಗಿ ವಿರಾಜಪೇಟೆ, ಗೋಣಿಕೊಪ್ಪದ ಕಡೆ ಕಾಫಿ ಕೊಯ್ಲಿನ ಸೀಸನ್‌ನಲ್ಲಿ ದಿನವಿಡೀ ತೂಕದ ಚೀಟಿ ಎಂಟ್ರಿ ಆಗುವ ಕಚೇರಿಗಳಲ್ಲಿ, ಸ್ಕ್ರಿಪ್ಟ್ ಒಳಗಿನ ಪಾಸ್‌ವರ್ಡ್ ಯಾರ ಕಣ್ಣಿಗೆ ಬಿದ್ದರೂ ಬೆಳೆಗಾರರ ಲೆಕ್ಕ ಓದಲು, ತಿದ್ದಲು ಅದೊಂದರಿಂದಲೇ ಆಗದು. ನನಗೆ ಮುಖ್ಯ ಅನಿಸುವುದು ಇದೇ. ಎಲ್ಲ ಟೇಬಲ್‌ಗೂ ಒಟ್ಟಿಗೆ ಬೇಕಿದ್ದರೆ ‘ಪಿಜಿ_ಮೇಂಟೇನ್’ ರೋಲ್ ಕೊಡಬಹುದು, ಆದರೆ ‘ಮೇಂಟೇನ್’ನಲ್ಲಿ ಸೇರಿರುವ ಟೇಬಲ್ ಲಾಕ್ ಮಾಡುವ ಅಧಿಕಾರವೂ ಆಗ ಎಲ್ಲ ಟೇಬಲ್‌ಗೂ ಸಿಗುತ್ತದೆ. ಒಂದೊಂದೇ ಟೇಬಲ್‌ಗೆ ಕೊಟ್ಟಿದ್ದರೆ ಆಮೇಲೆ ಹುಟ್ಟುವ ಹೊಸ ಟೇಬಲ್‌ಗೆ ಅದು ತಾನಾಗಿ ಬರುವುದಿಲ್ಲ. ಮುಂದೆ ಹುಟ್ಟುವ ಟೇಬಲ್‌ಗಳಿಗೂ ಅನುಮತಿ ಕೊಡುವ ‘ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್’ ಆದೇಶ ಹಾಕಿಡಿ, ಅದೂ ಟೇಬಲ್ ಸೃಷ್ಟಿಸುವ ಯೂಸರ್ ಹೆಸರಿಗೇ. ಅನುಮತಿ ಇಲ್ಲದ ಟೇಬಲ್ ಸಿಕ್ಕರೆ ವ್ಯಾಕ್ಯೂಮ್ ನಿಲ್ಲುವುದಿಲ್ಲ, ಒಂದು ವಾರ್ನಿಂಗ್ ಕೊಟ್ಟು ಮುಂದಕ್ಕೆ ಹೋಗುತ್ತದೆ. ಲಾಗ್ ನೋಡದಿದ್ದರೆ ಕೆಲಸ ಆಗಿದೆ ಅಂದುಕೊಂಡೇ ಇರುತ್ತೀರಿ. 16 ಮತ್ತು ಹಿಂದಿನ ಆವೃತ್ತಿಗಳಲ್ಲಿ ಈ ಅನುಮತಿಯೇ ಇಲ್ಲ. ಅಲ್ಲಿ ಸ್ಕ್ರಿಪ್ಟ್‌ಗೆ ಟೇಬಲ್ ಮಾಲೀಕನ ಲಾಗಿನ್ ಬಳಸಿ, ಸೂಪರ್‌ಯೂಸರ್ ಮಾತ್ರ ಬೇಡ.