'ಅನ್‌ನೋನ್ ಡಿವೈಸ್'ಗೆ ಡ್ರೈವರ್ ಹುಡುಕೋದು ಹೀಗೆ

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ 'ಅನ್‌ನೋನ್ ಡಿವೈಸ್' ಇದ್ದರೆ, ಅದಕ್ಕೆ ಬೇಕಾದ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಹುಡುಕಲು ಅದರ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ಟ್ಯಾಬ್‌ನಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿ. ಮೊದಲ ಸಾಲನ್ನು ಕಾಪಿ ಮಾಡಿ ಇಂಟರ್ನೆಟ್ಟಿನಲ್ಲಿ ಹುಡುಕಿ. ಆ ಸಾಲಿನಲ್ಲಿ 'ವೆನ್' (VEN) ಆದ ಮೇಲೆ ಬರುವುದು ಚಿಪ್ ಮಾಡಿದವರ ನಂಬರ್ (8086 ಅಂದರೆ ಇಂಟೆಲ್, 1002 ಅಂದರೆ ಎಎಂಡಿ), 'ಡೆವ್' (DEV) ಆದ ಮೇಲಿನದು ಆ ಚಿಪ್‌ನದ್ದು. ವಿಂಡೋಸ್ ಕೂಡ ಇದೇ ಐಡಿ ನೋಡಿಯೇ ಡ್ರೈವರ್ ಹೊಂದಿಸುತ್ತದೆ, ಹಾಗಾಗಿ ಊಹೆಯ ಮಾತೇ ಇಲ್ಲ. ಹುಡುಕಿದಾಗ ಡ್ರೈವರ್ ಅಪ್‌ಡೇಟರ್‌ಗಳ ಸೈಟ್‌ಗಳೇ ಜಾಸ್ತಿ ಬರುತ್ತವೆ. ದಯವಿಟ್ಟು ಅಲ್ಲಿಂದ ಏನೂ ಇಳಿಸಿಕೊಳ್ಳಬೇಡಿ. ಚಿಪ್ ಯಾವುದೆಂದು ತಿಳಿದರೆ ಸಾಕು, ಫೈಲನ್ನು ಕಂಪ್ಯೂಟರ್ ಕಂಪನಿಯ ಸೈಟಿನಿಂದಲೇ ತಗೊಳ್ಳಿ. ಯುಎಸ್‌ಬಿ ಸಾಧನದ ಐಡಿಯಲ್ಲಿ 'ವಿಐಡಿ' (VID, ತಯಾರಕರ ನಂಬರ್) ಆದ ಮೇಲೆ 0000 ಇದ್ದರೆ ಮಾತ್ರ ಈ ದಾರಿ ನಡೆಯುವುದಿಲ್ಲ. ಆಗ ಕಂಪ್ಯೂಟರ್‌ಗೆ ಆ ಸಾಧನವನ್ನು ಓದಲಿಕ್ಕೇ ಆಗಿಲ್ಲ. ಸುಮ್ನೆ ಡ್ರೈವರ್ ಹುಡುಕದೆ ಮೊದಲು ಕೇಬಲ್, ಪೋರ್ಟ್ ಬದಲಿಸಿ ನೋಡಿ.