ಅರ್ಧಕ್ಕೆ ಬಿಟ್ಟ ಕಾಲೇಜಿನ ಹೆಸರನ್ನೂ ಬರೆಯಿರಿ

ಸ್ನಾತಕೋತ್ತರ ಪ್ರವೇಶಕ್ಕೆ ಶಿಫಾರಸು ಪತ್ರ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇಷ್ಟೇ: ಅರ್ಜಿ ತುಂಬಲು ಕೂರುವ ಮುನ್ನ ಅಂಕಪಟ್ಟಿಗಳನ್ನೆಲ್ಲ ಎದುರಿಗೆ ಹರಡಿಕೊಳ್ಳಿ. ಒಂದೇ ಸೆಮಿಸ್ಟರ್ ಓದಿ ಬಿಟ್ಟ ಕೋರ್ಸಿನದೂ ಅದರಲ್ಲಿರಲಿ.

ಪದವಿ ಸಿಕ್ಕಿರಲಿ ಬಿಡಲಿ, ಓದಿದ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳನ್ನೂ ನಮೂದಿಸಿ ಎಂದೇ ಬಹಳಷ್ಟು ವಿಶ್ವವಿದ್ಯಾಲಯಗಳು ಕೇಳುತ್ತವೆ. ಏನನ್ನೂ ಬಿಟ್ಟಿಲ್ಲವೆಂದು ಕೊನೆಯಲ್ಲಿ ನೀವು ಸಹಿ ಹಾಕುತ್ತೀರಿ. ಹಾಗಾಗಿ ಒಂದು ಸಾಲನ್ನು ಖಾಲಿ ಬಿಟ್ಟರೂ ಅದು ಸುಳ್ಳು ಹೇಳಿಕೆಯೇ. ಬಚ್ಚಿಟ್ಟದ್ದು ಬಯಲಾದರೆ ಸಿಕ್ಕ ಸೀಟು ರದ್ದಾಗಬಹುದು. ಓದು ಮುಗಿದ ಮೇಲೆ ಪದವಿಯನ್ನೇ ಹಿಂಪಡೆಯುವುದೂ ಉಂಟು. ಕಡಿಮೆ ಅಂಕಕ್ಕೆ ಇಷ್ಟು ದೊಡ್ಡ ಶಿಕ್ಷೆ ಎಲ್ಲಿಯೂ ಇಲ್ಲ.

ಅಂಕಪಟ್ಟಿಯಲ್ಲಿ ಹತ್ತಕ್ಕೆ ಸರಾಸರಿ 6.94 ಇದ್ದರೆ 6.94 ಎಂದೇ ಬರೆಯಿರಿ, 7 ಎಂದಲ್ಲ. ಹತ್ತರ ಮಾಪಕದ ಅಂಕವನ್ನು ನಾಲ್ಕರ ಮಾಪಕಕ್ಕೆ ಇಳಿಸಿ ಎಂದು ವಿಶ್ವವಿದ್ಯಾಲಯವೇ ಹೇಳದ ಹೊರತು ನೀವಾಗಿ ಲೆಕ್ಕ ಹಾಕಬೇಡಿ.

ಅನುತ್ತೀರ್ಣರಾದ ವಿಷಯಗಳಿದ್ದರೆ? ಹೆಚ್ಚುವರಿ ಮಾಹಿತಿಗೆಂದು ಕೊಟ್ಟ ಜಾಗದಲ್ಲಿ ನಾಲ್ಕು ಸಾಲು ಸಾಕು: "ಮೂರನೆಯ ಸೆಮಿಸ್ಟರಿನಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದೆ. ಆಗ ತಂದೆಯ ಆರೈಕೆಯ ಹೊಣೆ ನನ್ನ ಮೇಲಿತ್ತು. ಮರುವರ್ಷ ಎರಡರಲ್ಲೂ ತೇರ್ಗಡೆಯಾದೆ. ಅದೇ ವಿಷಯದ ಮುಂದಿನ ಕೋರ್ಸಿನಲ್ಲಿ ಪ್ರಥಮ ದರ್ಜೆ ಬಂದಿದೆ." ಇದನ್ನು ಓದುವವರಿಗೆ ಹೆಚ್ಚು ಮುಖ್ಯವಾಗುವುದು ಕೊನೆಯ ವಾಕ್ಯ. ಕಾಯಿಲೆಯಿತ್ತು ಎಂದರೆ ಸಾಕು, ಅದರ ಹೆಸರು ಹೇಳಬೇಕಿಲ್ಲ. ಹೇಳಿಕೊಳ್ಳುವಂಥ ಕಾರಣವೇ ಇಲ್ಲದಿದ್ದರೆ, ಆ ವರ್ಷ ಓದಿನ ಕಡೆ ಗಮನ ಕೊಡಲಿಲ್ಲ ಎಂದೇ ಬರೆಯಿರಿ. ಇಲ್ಲದ ಕಾಯಿಲೆಯನ್ನು ಹುಟ್ಟಿಸಬೇಡಿ, ಮೇಷ್ಟರ ಮೇಲೆ ದೂರು ಹೊರಿಸಬೇಡಿ. ಏನು ಓದಬೇಕು, ಏಕೆ ಎಂದು ಅರ್ಜಿಯ ಜೊತೆ ಬರೆಯುವ ಉದ್ದೇಶ ಪತ್ರದ ತುಂಬ ಇದೇ ಕಥೆ ಬೇಡ. ಅದು ನಿಮ್ಮ ಸಂಶೋಧನಾಸಕ್ತಿಗೆ ಮೀಸಲು.

ಶಿಸ್ತುಕ್ರಮದ ಪ್ರಶ್ನೆಯನ್ನು ಎರಡು ಸಲ ಓದಿ. ಆರೋಪ ಬಂದಿತ್ತೇ ಎಂದು ಕೇಳುವುದೇ ಬೇರೆ, ಆರೋಪ ಸಾಬೀತಾಯಿತೇ ಎಂಬುದೇ ಬೇರೆ. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಿ, ಕೇಳದ್ದನ್ನು ಹೇಳಿಕೊಳ್ಳಬೇಕಿಲ್ಲ.

ಶಿಫಾರಸು ಬರೆಯುವವರಿಗೂ ಇದೆಲ್ಲ ಮೊದಲೇ ತಿಳಿದಿರಲಿ. ಒಂದು ವರ್ಷ ಓದು ನಿಲ್ಲಿಸಿದ್ದು ಗೊತ್ತಿದ್ದರೆ, ಮರಳಿ ಬಂದು ನೀವು ಪಟ್ಟ ಶ್ರಮವನ್ನು ನಾನು ಪತ್ರದಲ್ಲಿ ಧೈರ್ಯವಾಗಿ ಎತ್ತಿ ಹೇಳಬಲ್ಲೆ.

ಅರ್ಜಿ ಕಳುಹಿಸಿ ಆಗಿದೆ, ಒಂದು ಕಾಲೇಜು ಬಿಟ್ಟುಹೋಗಿದೆ ಎನ್ನುವವರು ಇಂದೇ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆಯಿರಿ: ಬಿಟ್ಟುಹೋದ ಸಂಸ್ಥೆಯ ಹೆಸರು, ಓದಿದ ಅವಧಿ, ಅಂಕಪಟ್ಟಿಯ ಪ್ರತಿ. ಅವರು ಕೇಳುವವರೆಗೆ ಕಾಯಬೇಡಿ.